ಅಲ್ಲಾಡದವರ ಚಿತ್ರ

ಚಿತ್ರದಲ್ಲಿ ಅಮ್ಮನಿಗೆ ಎರಡು ಮುಖಗಳಿದ್ದವು. ಒಂದು ಕಿಟಕಿಯ ಕಡೆ, ಇನ್ನೊಂದು ಗೋಡೆಯ ಕಡೆ.

"ನೋಡು, ನಿನ್ನಿಂದಲೇ ಆಗಿದ್ದು," ಎಂದ ಫೋಟೋಗ್ರಾಫರ್ ತಮ್ಮ, ಚಿತ್ರವನ್ನು ಅಕ್ಕನ ಕೈಗೆ ಕೊಡುತ್ತ. "ಅಲುಗಾಡಿಸ್ಬೇಡ ಅಂತ ಬಡ್ಕೊಂಡೆ. ನೀನು ನಡುವೆ ಬಂದು ಅಮ್ಮನ ಮಗ್ಗುಲು ಬದಲಿಸಿಬಿಟ್ಟೆ."

"ಬದಲಿಸದಿದ್ರೆ ಬೆನ್ನು ಹುಣ್ಣಾಗತ್ತೆ ಕಣೋ." ವಾದ ಮಾಡುವಷ್ಟು ತ್ರಾಣ ಅಕ್ಕನಲ್ಲಿರಲಿಲ್ಲ.

ಕಳೆದ ಭಾನುವಾರ ಅವನು ಅಮ್ಮ ಮಲಗಿದ್ದ ಕೋಣೆಯನ್ನೇ ಕ್ಯಾಮೆರಾ ಮಾಡಿದ್ದ. ಕಿಟಕಿಗೆ ಕಪ್ಪು ರಟ್ಟು ಬಡಿದು, ನಡುವೆ ಮೆಣಸಿನಕಾಳಿನಷ್ಟು ತೂತು ಕೊರೆದ. ಬಾಗಿಲಿಗೆ ಎರಡು ಪದರ ಕಂಬಳಿ ಇಳಿಬಿಟ್ಟ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಎದುರಿನ ಬೀದಿ ತಲೆಕೆಳಗಾಗಿ ಗೋಡೆಗೆ ಬಂದು ನಿಂತಿತು: ಕ್ಷೌರದಂಗಡಿ, ಅದರ ಮುಂದಿನ ಬೆಂಚು, ದೀಪದ ಕಂಬ. ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ ಅಮ್ಮ, "ಬೀದೀನೇ ಮನೆಗೆ ಕರ್ಕೊಂಡು ಬಂದ್ಯಲ್ಲೋ!" ಎಂದು ಕಣ್ಣು ತುಂಬಿಕೊಂಡಳು. ನಿಜಕ್ಕೂ ಸೊಗಸಾಗಿತ್ತು, ಅಕ್ಕನಿಗೂ ಹಾಗೇ ಅನ್ನಿಸಿತ್ತು. ಆ ಗೋಡೆ, ಮಂಚ ಎಲ್ಲ ಸೇರಿಸಿ ಚಿತ್ರ ತೆಗೆಯಲು ಅವನು ಇನ್ನೊಂದು ಕ್ಯಾಮೆರಾವನ್ನು ಮೂಲೆಯಲ್ಲಿ ನಿಲ್ಲಿಸಿ, ಒಂದೇ ಚಿತ್ರಕ್ಕಾಗಿ ಅದರ ಕಣ್ಣನ್ನು ಐದು ಗಂಟೆ ಹೊತ್ತು ತೆರೆದಿಟ್ಟ. ತಾನು ಅಮ್ಮನ ತಲೆದೆಸೆಯ ಕುರ್ಚಿಯಲ್ಲಿ ಕೂತ.

ಅವತ್ತು ಹೊರಡುವಾಗ ಅಕ್ಕ ಕೇಳಿದ್ದಳು: "ಒಂದು ವಾರ ಅಮ್ಮನ್ನ ನೋಡ್ಕೊಳ್ತೀಯೇನೋ? ನನಗೆ ಸುಮ್ನೆ ಮಲಗಿದ್ರೆ ಸಾಕು ಅನ್ನಿಸಿದೆ."

"ನನ್ನ ಫೋಟೋ ಪ್ರದರ್ಶನ ಒಂದು ಮುಗೀಲಿ ಅಕ್ಕಾ. ಅಮ್ಮ ಪಾಪ, ಯಾರಿಗೂ ತೊಂದರೆ ಕೊಡದೆ ಮಲಗಿರ್ತಾಳಲ್ಲ," ಎಂದು ಅವನು ಜಾರಿಕೊಂಡಿದ್ದ.

ಈಗ ಅಕ್ಕ ಚಿತ್ರವನ್ನು ಬೆಳಕಿಗೆ ಹಿಡಿದಳು. ಕುರ್ಚಿಯಲ್ಲಿ ತಮ್ಮ ಕೆತ್ತಿಟ್ಟ ಹಾಗಿದ್ದ. ಔಷಧದ ಬಾಟಲಿ, ಮಡಚಿಟ್ಟ ಟವೆಲ್ಲು, ಎಲ್ಲ ಇದ್ದವು.

"ನಾನೆಲ್ಲೋ? ಹತ್ತು ಸಲನಾದ್ರೂ ಒಳಗೆ ಬಂದಿದ್ದೆ. ಕತ್ತಲಲ್ಲೇ ಊಟ ಮಾಡಿಸ್ದೆ, ಬಟ್ಟೆ ಬದಲಿಸ್ದೆ."

"ಇಷ್ಟು ಹೊತ್ತು ತೆರೆದಿಟ್ರೆ ಓಡಾಡೋರು ಇದರಲ್ಲಿ ಬೀಳಲ್ಲ ಅಕ್ಕಾ. ಬೀದೀಲಿ ಅಷ್ಟು ಜನ ಹೋದ್ರು, ಒಬ್ರಾದ್ರೂ ಇದಾರಾ ನೋಡು. ಸುಮ್ನೆ ಕೂತೋರು ಮಾತ್ರ ಬರೋದು."

ಅಕ್ಕನಿಗೆ ಹೊಟ್ಟೆ ಉರಿಯಿತು, ನಗುವೂ ಬಂತು. ಅವಳು ಅಲ್ಲಿದ್ದಳು ಎನ್ನುವುದಕ್ಕೆ ಉಳಿದಿದ್ದ ಗುರುತು ಅಮ್ಮನ ಎರಡನೆಯ ಮುಖ ಒಂದೇ. ಚಿತ್ರವನ್ನು ಹೊಸದಾಗಿ ತೆಗೆದು ಅದನ್ನೂ ಇಲ್ಲವಾಗಿಸಲು ಅವನು ಇವತ್ತು ಮತ್ತೆ ಬಂದಿದ್ದ.

ರಟ್ಟು, ಕಂಬಳಿ ಮತ್ತೆ ಏರಿದವು. ಬೀದಿ ಗೋಡೆಗೆ ಬಂತು. ಅವನು ಕ್ಯಾಮೆರಾ ತೆರೆದು ತಿರುಗುವಷ್ಟರಲ್ಲಿ ಅಕ್ಕ ಒದ್ದೆ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು.

"ಅಕ್ಕಾ, ಅಲ್ಲಿ ನಾನು..."

"ಐದು ಗಂಟೆ ತಾನೇ?" ಎಂದು ಅವಳು ಕಣ್ಣು ಮುಚ್ಚಿದಳು.

ಮಂಚದಿಂದ ಅಮ್ಮನ ದನಿ ಬಂತು. "ನೀರು..."

ತಮ್ಮ ಅಕ್ಕನ ಮುಖ ನೋಡಿದ. ಅಮ್ಮ ಇನ್ನೊಮ್ಮೆ ಕೇಳಿದಳು.

"ಲೋಟ ಬಲಗಡೆ ಇದೆ. ತಲೆ ಎತ್ತಿ ಹಿಡ್ಕೊಂಡು ಕುಡಿಸು, ಇಲ್ದಿದ್ರೆ ನೆತ್ತಿಗೇರತ್ತೆ. ಎರಡು ಗಂಟೆ ಬಿಟ್ಟು ಮಗ್ಗುಲು ಬದಲಿಸು," ಎಂದಳು ಅಕ್ಕ, ತುಟಿ ಮಾತ್ರ ಆಡಿಸುತ್ತ. "ನನ್ನನ್ನ ಏಳಿಸ್ಬೇಡ. ಚಿತ್ರ ಕೆಡತ್ತೆ."