ಹೆಸರು ಕೇಳುವ ಚೀಟಿ

"ಯಾರ ಹೆಸರು ಹಾಕ್ಲಿ ಅಕ್ಕ? ಹೆಸರಿಲ್ದೆ ಈ ಚೀಟಿ ಮುಂದಕ್ಕೇ ಹೋಗ್ತಿಲ್ಲ," ಎಂದ ದಮರ್, ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ.

ಇಂಡೋನೇಷ್ಯಾದ ಯೋಗ್ಯಕರ್ತಾ ನಗರದ ಆ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿ ಇದ್ದವರು ಮೂವರೇ: ತಂಡ ನಡೆಸುವ ವಿದುರಿ, ಕಿರಿಯವನಾದ ದಮರ್, ಇಬ್ಬರಿಗೂ ಕೆಲಸ ಕಲಿಸಿದ ಪ್ರಮುಜಿ. ಐವತ್ತು ದಾಟಿದ ಪ್ರಮುಜಿಯವರನ್ನು ಇಬ್ಬರೂ ಅಪ್ಪನನ್ನು ಕರೆದಂತೆ ಬಾಪಕ್ ಎನ್ನುತ್ತಿದ್ದರು. ಇಷ್ಟು ದಿನ ಅಜೈಲ್ ಎಂಬ ಕೆಲಸದ ಪದ್ಧತಿ ಎಂದರೆ ಅವರಿಗೆ ಗೋಡೆಗೆ ಅಂಟಿಸಿದ ಬಣ್ಣದ ಚೀಟಿಗಳು. ಅವುಗಳ ಮೇಲೆ ಕೆಲಸ ಇರುತ್ತಿತ್ತು, ಹೆಸರು ಇರುತ್ತಿರಲಿಲ್ಲ. ಒಬ್ಬರು ಎಲ್ಲಾದರೂ ಸಿಕ್ಕಿಕೊಂಡರೆ ಉಳಿದಿಬ್ಬರು ಕುರ್ಚಿ ಎಳೆದುಕೊಂಡು ಅಲ್ಲೇ ಕೂರುತ್ತಿದ್ದರು. ಕೊನೆಗೆ ಯಾರು ಮಾಡಿದ್ದು ಎಂದು ಕೇಳುವುದೇ ಅಸಭ್ಯತನ. ಈಗ ಕಚೇರಿ ಸಿಂಗಪುರದವರ ಪಾಲಾಗಿತ್ತು. ಅವರಿಗೆ ಇಲ್ಲಿನ ಗೋಡೆ ಎಲ್ಲಿ ಕಾಣಬೇಕು? ಚೀಟಿಗಳನ್ನು ಕಂಪ್ಯೂಟರಿನಲ್ಲೇ ಇಡುವ ಎರಡು ಟೂಲ್ ಕಳಿಸಿ, ಬಳಸಿ ನೋಡಿ ಒಂದನ್ನು ಆರಿಸಿಕೊಳ್ಳಿ ಎಂದಿದ್ದರು. ಜೊತೆಗೆ, ತಂಡದಲ್ಲಿ ಒಬ್ಬರನ್ನು ಕಡಿಮೆ ಮಾಡುತ್ತೇವೆ ಎಂದೂ ಹೇಳಿದ್ದರು. ಆ ಎರಡನೆಯ ಮಾತನ್ನು ಮೂವರೂ ನುಂಗಿಕೊಂಡು ಓಡಾಡುತ್ತಿದ್ದರು.

"ಬಾಪಕ್ ಹೆಸರು ಹಾಕು," ಎಂದಳು ವಿದುರಿ. ಪ್ರಮುಜಿ ಮಧ್ಯಾಹ್ನದ ನಮಾಜಿಗೆ ಹೋಗಿದ್ದರು.

"ಎಲ್ಲದಕ್ಕೂನಾ?"

"ಮತ್ತಿನ್ನೇನು? ಅವರು ಪಕ್ಕದಲ್ಲಿ ಕೂತಿರುವಾಗ ನನ್ನ ಹೆಸರು ಬರ್ಕೊಳ್ಳೋಕೆ ನಂಗೆ ಮರ್ಯಾದೆ ಬೇಡ್ವಾ? ಎಲ್ಲಾ ಕೆಲಸ ಅವರ ಹೆಸರಲ್ಲೇ ಇರೋದನ್ನ ಸಿಂಗಪುರದವರೂ ನೋಡ್ಲಿ. ಈ ವಯಸ್ಸಲ್ಲಿ ಅವರನ್ನ ತೆಗೆದ್ರೆ ಇನ್ಯಾರು ಕರೆದು ಕೆಲಸ ಕೊಡ್ತಾರೆ ಹೇಳು."

ದಮರ್‌ಗೂ ಸರಿ ಎನಿಸಿತು. ಹಬ್ಬದೂಟಕ್ಕೆ ಹಳದಿ ಅನ್ನದ ಗೋಪುರ ಮಾಡಿದಾಗ ಅದರ ತುದಿಯನ್ನು ಮೊದಲು ಹಿರಿಯರ ತಟ್ಟೆಗೆ ಇಡುವುದಿಲ್ಲವೇ, ಇದೂ ಹಾಗೆಯೇ. ಒಂದೊಂದೇ ಚೀಟಿಗೆ ಬಾಪಕ್ ಹೆಸರು ಹಾಕುತ್ತ ಹೋದ.

"ಗಡುವು?"

"ಗಿರಾಕಿ ಕೇಳಿದ ತಾರೀಕೇ ಹಾಕು."

"ಅಯ್ಯೋ, ಅಷ್ಟು ಬೇಗ ಎಲ್ಲಿ ಆಗುತ್ತೆ?"

"ಆಗಲ್ಲ ಅಂತ ಅವರ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯಾ?"

ಯಾರು ತಾನೇ ಹೇಳುತ್ತಾರೆ? ಆ ಊರಿನಲ್ಲಿ ಮೊದಲು ಹೂಂ ಎನ್ನುತ್ತಾರೆ, ಆಮೇಲೆ ನಿಧಾನಕ್ಕೆ ಮುಗಿಸಿಕೊಡುತ್ತಾರೆ. ಗಿರಾಕಿಗಳೂ ಅದೇ ಊರಿನವರು, ಅವರಿಗೂ ಅದು ಗೊತ್ತಿದ್ದ ವಿಷಯವೇ.

ಆರಿಸಬೇಕಾದ ದಿನ ಸಿಹಿ ಚಹಾ ತರಿಸಿ ಮೂವರೂ ಕೂತರು. "ನೀವೇ ಹೇಳಿ ಬಾಪಕ್," ಎಂದಳು ವಿದುರಿ. "ನಂದೇನಿದೆಯಮ್ಮ, ನಿಮ್ಮಿಷ್ಟ," ಎಂದರು ಅವರು. "ಇಲ್ಲ ಇಲ್ಲ, ನಿಮ್ಮಿಷ್ಟ," ಎಂದ ದಮರ್. ಹೀಗೆ ನಿಮ್ಮಿಷ್ಟ ನಿಮ್ಮಿಷ್ಟ ಎನ್ನುತ್ತಲೇ ಚಹಾ ಆರಿತು. ಪ್ರಮುಜಿಯವರ ಮನಸ್ಸು ಇದ್ದದ್ದು ಎರಡನೆಯ ಟೂಲಿನ ಮೇಲೆ. ಅದು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ, ಹಳೆಯ ಗೋಡೆಯಂತೆಯೇ ಇತ್ತು. ಆದರೆ ಹೆಸರು ಕೇಳುವ ಮೊದಲನೆಯದನ್ನು ದಮರ್ ಕಷ್ಟಪಟ್ಟು ಹೊಂದಿಸಿದ್ದ, ಮೂಲೆಯಲ್ಲಿ ಒಂದು ಕಪ್ಪೆಯ ಚಿತ್ರವನ್ನೂ ಕೂರಿಸಿದ್ದ. ಅವನ ಮುಖ ಸಪ್ಪಗಾಗುವುದನ್ನು ಅವರು ನೋಡಲಾರರು.

"ದಮರ್ ಮಾಡಿದ್ದೇ ಇರಲಿ. ಕಪ್ಪೆ ಚೆನ್ನಾಗಿದೆ."

ನಿಜ ಹೇಳಬೇಕೆಂದರೆ ದಮರ್‌ಗೂ ಎರಡನೆಯದೇ ಬೇಕಿತ್ತು. ಬಾಪಕ್ ಹೇಳಿಯಾದ ಮೇಲೆ ಇನ್ನೇನು ಮಾತು? ಕಪ್ಪೆಯ ಟೂಲೇ ಗಟ್ಟಿಯಾಯಿತು.

ತಿಂಗಳು ತುಂಬಿದಾಗ ಸಿಂಗಪುರದವರು ಪರದೆ ತೆರೆದು ನೋಡಿದರು. ಪ್ರಮುಜಿಯವರ ಹೆಸರಿನ ಕೆಳಗೆ ಚೀಟಿಗಳ ರಾಶಿ, ಎಲ್ಲವೂ ಗಡುವು ಮೀರಿ ಕೆಂಪಾಗಿದ್ದವು. ಯಾರನ್ನು ತೆಗೆಯಬೇಕು ಎಂದು ಅವರು ಹೆಚ್ಚು ಯೋಚಿಸಲಿಲ್ಲ. ಸುದ್ದಿ ತಿಳಿದ ಕೂಡಲೇ ವಿದುರಿ ಸಿಂಗಪುರಕ್ಕೆ ಕರೆ ಮಾಡಿದಳು.

"ಅದು ಮೂವರೂ ಸೇರಿ ಮಾಡಿದ ಕೆಲಸ ಸರ್. ಹೆಸರು ಮಾತ್ರ ಅವರದ್ದು."

"ಹೌದಾ? ಹಾಗಾದ್ರೆ ತಡ ಮಾಡಿದವರು ಯಾರು? ಹೆಸರು ಹೇಳಿ, ಈಗಲೇ ಬದಲಾಯಿಸ್ತೀವಿ."

ಎದುರಿಗೆ ದಮರ್ ತಲೆ ತಗ್ಗಿಸಿ ಕೂತಿದ್ದ. ಅವನ ಹೆಂಡತಿ ತುಂಬು ಬಸುರಿ. ವಿದುರಿ ತನ್ನ ಹೆಸರನ್ನೇ ಹೇಳಿಬಿಡಬಹುದಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು. ಅತ್ತ ಸಿಂಗಪುರದವರು ಕಾಯುತ್ತಿದ್ದರು.

"ಹೂಂ ಸರ್," ಎಂದಷ್ಟೇ ಹೇಳಿ, ಯಾರ ಹೆಸರನ್ನೂ ಎತ್ತದೆ ಫೋನ್ ಇಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ಅತ್ತಳು.

ಶುಕ್ರವಾರ ಬೆಳಿಗ್ಗೆ ಪರದೆಯ ಮೇಲೆ ಸಿಂಗಪುರದಿಂದ ಒಂದು ಹೊಸ ಚೀಟಿ ಬಂದಿತ್ತು: ಪ್ರಮುಜಿಯವರ ಖಾತೆ ಮುಚ್ಚುವುದು. ಗಡುವು, ಇಂದು ಸಂಜೆ. ಕೆಲಸ ಮಾಡುವವರ ಹೆಸರಿನ ಜಾಗ ಖಾಲಿಯಿತ್ತು, ತುಂಬದಿದ್ದರೆ ಚೀಟಿ ಕದಲುವುದಿಲ್ಲ. ವಿದುರಿ ದಮರ್‌ನನ್ನು ನೋಡಿದಳು, ದಮರ್ ಕಿಟಕಿಯ ಕಡೆ ನೋಡಿದ. ಅಷ್ಟರಲ್ಲಿ ಪ್ರಮುಜಿ ಸೋಯಾ ಕಾಳಿನ ಕರಿದ ತೆಂಪೆಯ ಪೊಟ್ಟಣ ಹಿಡಿದುಕೊಂಡು, ಎಂದಿನಂತೆ ಇಸ್ತ್ರಿ ಮಾಡಿದ ಬಾಟಿಕ್ ಅಂಗಿಯಲ್ಲಿ ಒಳಗೆ ಬಂದರು. ಕನ್ನಡಕ ಏರಿಸಿ ಪರದೆ ಓದಿದರು.

"ಯಾಕ್ರೋ, ಇಬ್ರೂ ಹೀಗೆ ಗರ ಬಡಿದವರ ಹಾಗೆ ಕೂತಿದ್ದೀರಿ? ನನ್ನ ಹೆಸರೇ ಹಾಕಿ. ಯಾವಾಗ್ಲೂ ಅದೇ ತಾನೇ ಹಾಕೋದು?"

ಪೊಟ್ಟಣವನ್ನು ದಮರ್ ಕೈಗೆ ಕೊಟ್ಟು, ಅವನ ಕುರ್ಚಿಯಲ್ಲಿ ತಾವೇ ಕೂತು, ಚೀಟಿಗೆ ತಮ್ಮ ಹೆಸರು ಹಾಕಿ, ಅಚ್ಚುಕಟ್ಟಾಗಿ ತಮ್ಮ ಖಾತೆ ಮುಚ್ಚಿ ಎದ್ದರು. ವಿದುರಿ ಆ ಚೀಟಿಯನ್ನು ‘ಮುಗಿದದ್ದು’ ಎಂಬ ಸಾಲಿಗೆ ಎಳೆದಳು. ಅದು ಹಸಿರಾಯಿತು. ಬಾಪಕ್ ಹೆಸರಿನಲ್ಲಿ ಗಡುವಿನೊಳಗೆ ಮುಗಿದ ಕೆಲಸ ಅದೊಂದೇ.