ದೊಡ್ಡವ್ವನ ಮನೆಯ ಕಿಟಕಿ

ಬೀರುವಿನಿಂದ ಹಳೆ ಬಟ್ಟೆಯ ಮುಗ್ಗಲು ವಾಸನೆ ಬಂದರೆ ಈಗಲೂ ಹಿರೇಹಡಗಲಿಯ ದೊಡ್ಡವ್ವನ ಮನೆ ನೆನಪಾಗುತ್ತದೆ.

ಪಡಸಾಲೆಯ ತುಂಬ ಚಿಂದಿಗಂಟು, ಖಾಲಿ ಡಬ್ಬಿ. ನಡುವೆ ಒಂದು ಕಾಲುದಾರಿ. ದೊಡ್ಡವ್ವನಿಗೆ ಚೇಳು ಕಡಿದ ಮರುದಿನ ಅಪ್ಪ ಎಲ್ಲವನ್ನೂ ತಿಪ್ಪೆಗೆ ಹಾಕಲು ಬುಟ್ಟಿ ಹಿಡಿದು ನಿಂತ.

"ಅಕ್ಕನ್ನ ಕೇಳಲಾರ್ದ ಒಂದು ಚಿಂದಿನೂ ಮುಟ್ಟಬ್ಯಾಡ್ರಿ," ಎಂದಳು ಅವ್ವ.

ಅವಳೇ ಒಂದೊಂದು ಗಂಟನ್ನೂ ಕೋಲಿನಿಂದ ತಟ್ಟಿ, ಬಿಚ್ಚಿ, "ಅಕ್ಕಾ, ಇರಲೇನು, ಹೋಗಲೇನು?" ಎಂದು ಕೇಳಿದಳು.

"ಇರಲಿ, ಕೌದಿ ಹೊಲಿಯಾಕ ಬರ್ತೈತಿ," ಎನ್ನುತ್ತಿದ್ದ ದೊಡ್ಡವ್ವ ಬಹಳ ಹೊತ್ತಿನ ಮೇಲೆ, "ಇದು ಹೋಗ್ಲಿ ಬಿಡವಾ," ಎಂದಳು.

ಸಂಜೆಗೆ ಒಂದು ಮೂಲೆ ತೆರವಾಯಿತು. ಅಲ್ಲೊಂದು ಕಿಟಕಿಯಿತ್ತು, ನಾನು ಅದನ್ನು ಎಂದೂ ನೋಡಿರಲಿಲ್ಲ. ದೊಡ್ಡವ್ವ ಬೆಳಕಿನಲ್ಲಿ ಸ್ವಲ್ಪ ನಿಂತು, ಖಾಲಿ ಡಬ್ಬಿಯೊಂದನ್ನು ತಂದು ಕಿಟಕಿಯಲ್ಲಿಟ್ಟಳು.

ಅಪ್ಪ ಅದಕ್ಕೆ ಕೈ ಚಾಚಿದ.

"ಇರಲಿ ಬಿಡ್ರಿ," ಎಂದಳು ಅವ್ವ.