ಬೆಂಚಿನ ತುದಿಗೆ ಕೂತ ನೆರಳು

ಸತ್ತವರ ನೆರಳು ವರ್ಷ ತುಂಬುವ ತನಕ ಮನೆಯಲ್ಲೇ ಇರುತ್ತದೆ. ಸಂಜೆ ಬಿಸಿಲಿಗೆ ಅದನ್ನು ಅಡ್ಡಾಡಿಸಿಕೊಂಡು ಬರಬೇಕು. ನೀಲಗಂಗವ್ವನ ಗಂಡನ ನೆರಳನ್ನು ಇಷ್ಟು ದಿನ ಮೈದುನ ಕರೆದೊಯ್ಯುತ್ತಿದ್ದ. ಇಂದು ಕಡೆಯ ದಿನವೆಂದು ಅವಳೇ ಹೊರಟಳು.

ಕೊಪ್ಪೀಕರ ರಸ್ತೆಯ ಗದ್ದಲದಲ್ಲಿ ಆಟೋದವನೊಬ್ಬ ಗಕ್ಕನೆ ನಿಲ್ಲಿಸಿ, “ನೆರಳ ದಾಟಲಿ, ಅಕ್ಕಾರ,” ಎಂದ.

ಬದುಕಿದ್ದಾಗ ಗಂಡ ದಿನಾ ಪಾರ್ಕಿಗೆ ಕರೆಯುತ್ತಿದ್ದ. “ರೊಟ್ಟಿ ಬಡೀಬೇಕ್ರಿ, ನೀವ ಹೋಗಿ ಬರ್ರಿ,” ಎನ್ನುತ್ತಿದ್ದಳು.

ಪಾರ್ಕಿನಲ್ಲಿ ನೆರಳು ಖಾಲಿ ಬೆಂಚಿನ ತುದಿಗೆ ಒತ್ತಿಕೊಂಡು ಕೂತಿತು.

“ಅಷ್ಟ್ಯಾಕ ಸರದು ಕುಂತೀರಿ?” ಎಂದಳು.

ಶೇಂಗಾ ಮಾರುವ ಮುದುಕಿ ಹೇಳಿದಳು: “ಇದ್ದಾಗೂ ಹಂಗ ಕುಂಡ್ರತಿದ್ರವ್ವಾ. ಬಾಜೂಕ ಯಾರರ ಕುಂಡ್ರಾಕ ಬಂದ್ರ, ‘ನಮ್ಮಾಕಿ ಬರಾಕತ್ತಾಳ’ ಅಂತಿದ್ರು.”

“ಬಂದೀನ್ರಿ” ಎನ್ನುತ್ತ ನೀಲಗಂಗವ್ವ ಕೂರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬೆಂಚಿನ ಮೇಲೆ ಅವಳೊಬ್ಬಳೇ ಇದ್ದಳು.